ಟ್ಯಾಂಕಿನಿಂದ ಇಳಿದುಹೋಗುವ ಆಯಿಲ್: ಹಳೆಯ ಬುಲೆಟ್ಟಿನ ಡ್ರೈ ಸಂಪ್ ದುರಸ್ತಿ

ಶಿರಸಿಯ ಹತ್ತಿರದ ಹಳ್ಳಿಯೊಂದರಲ್ಲಿ ಅಡಿಕೆ ತೋಟ ಮಾಡಿಕೊಂಡಿರುವ ನನ್ನ ಭಾವನ ಬಳಿ ಎರಕದ ಕಬ್ಬಿಣದ ಸಿಲಿಂಡರಿನ ಹಳೆಯ ಬುಲೆಟ್ 350 ಒಂದಿದೆ. ಆಷಾಢದ ಮಳೆ ಹಿಡಿದ ಮೇಲೆ ಅದು ಕೊಟ್ಟಿಗೆಯ ಪಕ್ಕದ ಮಾಡಿನಡಿ ನಿಂತರೆ ಚೌತಿ ಹತ್ತಿರ ಬರುವವರೆಗೆ ಹೊರಬೀಳುವುದು ಅಪರೂಪ. ಈ ಸಲ ಹೊರತೆಗೆದಾಗ ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಕೆಳಗಿನ ಗೆರೆಗಿಂತಲೂ ಕೆಳಗಿತ್ತು, ಕಿಕ್ ಕಲ್ಲಿನಷ್ಟು ಭಾರವಾಗಿತ್ತು, ಹಾಗೂ ಹೀಗೂ ಸ್ಟಾರ್ಟ್ ಆದರೆ ಸೈಲೆನ್ಸರಿನಿಂದ ನೀಲಿ ಹೊಗೆಯೂ ಎಂಜಿನ್ನಿನ ಒಳಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ಆಯಿಲ್ಲೂ ಒಟ್ಟಿಗೇ ಬರುತ್ತಿದ್ದವು. "ಕಮ್ಮಿ ತೋರ್ಸ್ತು ಹೇಳಿ ಹಾಕ್ತಿ ಮಾರಾಯ, ಹಾಕಿದ್ದೆಲ್ಲ ಹೊರಗೆ ಉಗುಳ್ತು," ಎಂದು ಭಾವ ಫೋನಿನಲ್ಲಿ ಹೇಳಿದರು. ಇನ್ನು ಒಂದು ಹನಿಯನ್ನೂ ಹಾಕಬೇಡಿ ಎಂದು ಹೇಳಿ, ಮುಂದಿನ ರಜೆಗೆ ನಾನು ಕುಮಟೆಯಿಂದ ಸಾಮಾನು ಕಟ್ಟಿಕೊಂಡು ಘಟ್ಟ ಹತ್ತಿದೆ.

ಈ ಮೂರು ಲಕ್ಷಣಗಳು ಒಟ್ಟಿಗೆ ಕಂಡರೆ ಮೆಕ್ಯಾನಿಕ್ಕುಗಳ ಬಾಯಲ್ಲಿ ಬರುವ ಹೆಸರು 'ವೆಟ್ ಸಂಪಿಂಗ್', ಅಂದರೆ ಗಾಡಿ ನಿಂತಿದ್ದಾಗ ಟ್ಯಾಂಕಿನ ಆಯಿಲ್ ಎಂಜಿನ್ನಿನ ತಳಕ್ಕೆ (ಸಂಪಿಗೆ) ಇಳಿದು ಕೂರುವುದು. ಹೆಚ್ಚಿನ ಸ್ಕೂಟರು, ಕಾರುಗಳಲ್ಲಿ ಆಯಿಲ್ ಎಂಜಿನ್ನಿನ ತಳದಲ್ಲಿಯೇ ನಿಂತಿರುತ್ತದೆ. ಡಿಪ್‌ಸ್ಟಿಕ್ ಅದ್ದಿದರೆ ಇರುವ ಆಯಿಲ್ ಬಹುಪಾಲು ಲೆಕ್ಕಕ್ಕೆ ಸಿಗುತ್ತದೆ. ಡ್ರೈ ಸಂಪ್ ಎಂಜಿನ್ನಿನ ಏರ್ಪಾಡು ಬೇರೆ. ಆಯಿಲ್ ಒಂದು ಪ್ರತ್ಯೇಕ ಟ್ಯಾಂಕಿನಲ್ಲಿರುತ್ತದೆ; ಫೀಡ್ ಪಂಪು ಅದನ್ನು ಬೇರಿಂಗುಗಳಿಗೆ ಒಯ್ಯುತ್ತದೆ; ಕೆಲಸ ಮುಗಿಸಿ ಕ್ರ್ಯಾಂಕ್ ಕೋಣೆಯ ತಳಕ್ಕೆ ಬಿದ್ದ ಆಯಿಲ್ಲನ್ನು ರಿಟರ್ನ್ ಪಂಪು ಎತ್ತಿ ಮತ್ತೆ ಟ್ಯಾಂಕಿಗೆ ಸುರಿಯುತ್ತದೆ. ರಿಟರ್ನ್ ಪಂಪಿನ ಸಾಮರ್ಥ್ಯವನ್ನು ಬೇಕೆಂದೇ ಫೀಡ್ ಪಂಪಿಗಿಂತ ಹೆಚ್ಚು ಇಟ್ಟಿರುತ್ತಾರೆ, ಆದ್ದರಿಂದ ಎಂಜಿನ್ ಓಡುತ್ತಿರುವಷ್ಟು ಕಾಲ ಕ್ರ್ಯಾಂಕ್ ಕೋಣೆ ಬಹುತೇಕ ಬರಿದಾಗಿಯೇ ಇರುತ್ತದೆ. ಇಂಥ ಎಂಜಿನ್ನಿನಲ್ಲಿ ಡಿಪ್‌ಸ್ಟಿಕ್ ಅಳೆಯುವುದು ಟ್ಯಾಂಕಿನ ಆಯಿಲ್ಲನ್ನು ಮಾತ್ರ. ಟ್ಯಾಂಕಿನಿಂದ ಆಚೆ ಎಷ್ಟು ಹೋಗಿ ಕುಳಿತಿದೆ ಎಂಬುದು ಅದಕ್ಕೆ ತಿಳಿಯದು.

ದೊಡ್ಡ ಸ್ಪೋರ್ಟ್ಸ್ ಕಾರುಗಳಲ್ಲಿ ಈ ಏರ್ಪಾಡನ್ನು ಬಳಸಲು ಕಾರಣ, ವೇಗವಾಗಿ ತಿರುವು ತೆಗೆದುಕೊಳ್ಳುವಾಗ ತಳದ ಆಯಿಲ್ ಒಂದು ಬದಿಗೆ ಸರಿದು ಪಂಪಿನ ಬಾಯಿ ಬರಿದಾಗಬಾರದು ಎಂಬುದು. ತಳದ ಆಳ ಕಡಿಮೆಯಾಗುವುದರಿಂದ ಎಂಜಿನ್ನನ್ನು ಇನ್ನಷ್ಟು ಕೆಳಗೆ ಕೂರಿಸಬಹುದೆಂಬ ಲಾಭವೂ ಉಂಟು. ಗಾಳಿಯಿಂದ ತಂಪಾಗುವ ಎಂಜಿನ್ನಿನ ಹಳೆಯ ಪೋರ್ಷೆ 911ರಲ್ಲಿ ಆಯಿಲ್ ಅಳೆಯಬೇಕಾದದ್ದು ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಸಮತಟ್ಟಾದ ನೆಲದಲ್ಲಿ, ಐಡಲಿನಲ್ಲಿ ಓಡುತ್ತಿರುವಾಗಲೇ. ಬೆಳಿಗ್ಗೆ ತಣ್ಣಗಿರುವಾಗ ಅದರ ಡಿಪ್‌ಸ್ಟಿಕ್ ಪೂರ್ತಿ ಒಣಗಿದ್ದರೂ ಅದು ಸಹಜವೇ ಇರಬಹುದು. ಅದನ್ನು ನೋಡಿ ಹೆದರಿ ಸುರಿದರೆ ಹೆಚ್ಚಾದ ಆಯಿಲ್ ಬ್ರೀದರಿನ ದಾರಿಯಲ್ಲಿ ಏರ್ ಫಿಲ್ಟರಿಗೆ ಬಂದು ಹೊಗೆಯಾಗುತ್ತದೆ. 1972ರ ಮಾದರಿಯ 911ರಲ್ಲಿ ಆಯಿಲ್ ತುಂಬುವ ಬಾಯಿಯನ್ನು ಬಲಬಾಗಿಲಿನ ಹಿಂದೆ ಹೊರಮೈಯಲ್ಲಿಯೇ ಕೊಟ್ಟಿದ್ದರು. ಬಂಕುಗಳಲ್ಲಿ ಅದಕ್ಕೆ ಪೆಟ್ರೋಲು ಹಾಕಿದ ಪ್ರಸಂಗಗಳು ನಡೆದವೆಂಬ ಮಾತಿದೆ, ಆ ಮುಚ್ಚಳವಂತೂ ಮರುವರ್ಷದ ಮಾದರಿಯಲ್ಲಿ ಉಳಿಯಲಿಲ್ಲ. 2006ರಲ್ಲಿ ಡ್ರೈ ಸಂಪಿನೊಂದಿಗೆ ಬಂದ ಕಾರ್ವೆಟ್ ಝಡ್06ರಲ್ಲಾದರೆ ಬಿಸಿ ಎಂಜಿನ್ನನ್ನು ನಿಲ್ಲಿಸಿ, ಕೆಲವು ನಿಮಿಷ ಬಿಟ್ಟು ಅಳೆಯಬೇಕು. ಎರಡೂ ಡ್ರೈ ಸಂಪ್, ಆದರೂ ಒಂದರ ವಿಧಾನ ಇನ್ನೊಂದಕ್ಕೆ ಸಲ್ಲದು. ಹಾಗಾಗಿ ಯಾವ ಗಾಡಿಯಾದರೂ ಅದರ ಕೈಪಿಡಿಯನ್ನೇ ನೋಡಬೇಕು.

ನಮ್ಮ ರಸ್ತೆಗಳಲ್ಲಿ ಅಂಥ ಕಾರುಗಳು ಗೋವಾ ಕಡೆಗೆ ಹೋಗುವಾಗ ಕಣ್ಣಿಗೆ ಬಿದ್ದರೆ ಬಿದ್ದವು. ಡ್ರೈ ಸಂಪ್ ಎಂಜಿನ್ನೆಂದರೆ ಈ ಊರುಗಳ ಮಟ್ಟಿಗೆ ಹಳೆಯ ಬುಲೆಟ್ಟೇ. 70 ಮಿ.ಮೀ. ಬೋರ್, 90 ಮಿ.ಮೀ. ಸ್ಟ್ರೋಕ್, 346 ಸಿ.ಸಿ.ಯ ಈ ಎಂಜಿನ್ನಿನ ಮೂಲ ವಿನ್ಯಾಸ 1949ರದು; 1955ರಿಂದ ಮದರಾಸಿನಲ್ಲಿ ಜೋಡಣೆಯಾಗತೊಡಗಿತು. ಇದರ ಆಯಿಲ್ ಟ್ಯಾಂಕು ಹೊರಗೆ ಬೇರೆಯಾಗಿ ಕಾಣುವುದಿಲ್ಲ. ಫ್ಲೈವೀಲುಗಳಿರುವ ಕೋಣೆಯ ಹಿಂಭಾಗದಲ್ಲಿ, ಅದೇ ಎರಕದೊಳಗೆ, ಒಂದು ಗೋಡೆಯ ಆಚೆ ಇದೆ. ಹೊರಗಿನಿಂದ ನೋಡಿದವರು ಇದನ್ನು ಸಾಮಾನ್ಯ ಎಂಜಿನ್ನೆಂದೇ ತಿಳಿದು ಸಾಮಾನ್ಯ ಎಂಜಿನ್ನಿನಂತೆಯೇ ಆಯಿಲ್ ಅಳೆಯುವುದಕ್ಕೆ ಇದೇ ಕಾರಣ. ಗೇರ್ ಬಾಕ್ಸ್ ಎಂಜಿನ್ನಿಗೆ ಬೇರೆಯಾಗಿ ಬೋಲ್ಟ್ ಮಾಡಿದ್ದರೆ ಈ ಬರಹ ನಿಮ್ಮ ಗಾಡಿಗೆ ಅನ್ವಯಿಸುತ್ತದೆ. ಎಂಜಿನ್ನೂ ಗೇರ್ ಬಾಕ್ಸೂ ಒಂದೇ ಮೈಯಾಗಿರುವ, 2009ರ ಕ್ಲಾಸಿಕ್ಕಿನಂಥ ಗಾಡಿಗಳು ವೆಟ್ ಸಂಪ್, ಅಂದರೆ ಆಯಿಲ್ ತಳದಲ್ಲಿಯೇ ನಿಲ್ಲುವಂಥವು. ಅವಕ್ಕೆ ಇದು ಬೇಡ.

ಮೊದಲ ಸಂಜೆ ಬಿಚ್ಚುವ ಕೆಲಸ ಇಟ್ಟುಕೊಳ್ಳಲಿಲ್ಲ. ಸಿಲಿಂಡರಿನ ಒತ್ತಡ ಬಿಡಿಸುವ ಡಿಕಂಪ್ರೆಸರ್ ಲಿವರ್ ಹಿಡಿದು ಕಿಕ್ಕನ್ನು ನಿಧಾನವಾಗಿ ಕೆಲವು ಸಲ ಇಳಿಸಿದ ಮೇಲೆ ಎಂಜಿನ್ ಹಗುರಾಯಿತು, ಸ್ಟಾರ್ಟೂ ಆಯಿತು. ಎಕ್ಸಲರೇಟರ್ ಕೊಡದೆ ಐಡಲಿನಲ್ಲಿಯೇ ಬಿಟ್ಟೆ. ಅಂಗಳ ತುಂಬಿದ ಹೊಗೆ ಸ್ವಲ್ಪ ಹೊತ್ತಿಗೆ ತೆಳುವಾಗಿ, ಆಮೇಲೆ ನಿಂತೇಹೋಯಿತು: ರಿಟರ್ನ್ ಪಂಪು ಕ್ರ್ಯಾಂಕ್ ಕೋಣೆಯ ಆಯಿಲ್ಲನ್ನು ಎತ್ತಿ ಮುಗಿಸಿತ್ತು, ಅಂದರೆ ಆ ಪಂಪಿನಲ್ಲಿ ದೋಷವಿಲ್ಲ. ಹೊಗೆ ಹಾಗೆಯೇ ಮುಂದುವರಿದಿದ್ದರೆ ನಾನು ರಿಟರ್ನ್ ಪಂಪು, ಪಿಸ್ಟನ್ ರಿಂಗು, ವಾಲ್ವ್ ಗೈಡುಗಳ ಕಡೆ ನೋಡುತ್ತಿದ್ದೆ. ಎಂಜಿನ್ ನಿಲ್ಲಿಸಿ, ಎರಡು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎತ್ತಿದರೆ ಆಯಿಲ್ ಸರಿಯಾಗಿ ಮೇಲಿನ ಗೆರೆಯಲ್ಲಿತ್ತು. ಅದೇ ಗಾಡಿ, ಅದೇ ಆಯಿಲ್, ಮಧ್ಯಾಹ್ನ 'ಖಾಲಿ', ಸಂಜೆ 'ಭರ್ತಿ'. ಭಾವ ಅದನ್ನು ಕೈಗೆ ತೆಗೆದುಕೊಂಡು ಒರೆಸಿ ಮತ್ತೊಮ್ಮೆ ಅದ್ದಿ ನೋಡಿದರು.

ಮರುದಿನ ಬೆಳಿಗ್ಗೆ ಡಿಪ್‌ಸ್ಟಿಕ್ಕಿನ ಗುರುತು ಒಂದು ಬೆರಳಿನಗಲ ಕೆಳಗಿಳಿದಿತ್ತು. ಹಳೆಯ ಬುಲೆಟ್ಟುಗಳಲ್ಲಿ ವಾರಗಟ್ಟಲೆ ನಿಂತಾಗ ಒಂದಿಷ್ಟು ಆಯಿಲ್ ಇಳಿಯುವುದು ಸಹಜ. ಒಂದೇ ರಾತ್ರಿಗೆ ಇಷ್ಟು ಇಳಿಯುವುದು ಸಹಜವಲ್ಲ. ಅಂದಾಜು ಸಾಲದೆಂದು ಅಳೆಯಲು ನಿರ್ಧರಿಸಿದೆ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕಾಗಿ ಮನೆಯಲ್ಲಿ ಗೆರೆ ಹಾಕಿದ ಪ್ಲಾಸ್ಟಿಕ್ ಜಾರ್ ಇತ್ತು. ಮೈಲುತುತ್ತಿನ ಅಂಶ ಉಳಿಯದಂತೆ ತಿಕ್ಕಿ ತೊಳೆದು ಒಣಗಿಸಿ ಅದನ್ನೇ ಬಳಸಿದೆ. ಎಂಜಿನ್ನಿನ ಅಡಿಯಲ್ಲಿ ಟ್ಯಾಂಕಿಗೊಂದು, ಕ್ರ್ಯಾಂಕ್ ಕೋಣೆಗೊಂದು ಬೇರೆ ಬೇರೆ ಡ್ರೈನ್ ಪ್ಲಗ್ಗುಗಳಿವೆ. ಆಯಿಲ್ ಬದಲಿಸುವಾಗ ಒಂದನ್ನು ಮಾತ್ರ ಬಿಚ್ಚಿ ಇನ್ನೊಂದನ್ನು ಮರೆಯುವುದು ಸರ್ವೇಸಾಮಾನ್ಯ, ಹಳೆಯ ಆಯಿಲ್ ಒಳಗೇ ಉಳಿದಿರುವಾಗ ಲೆಕ್ಕದ ಪ್ರಕಾರ ಹೊಸದನ್ನು ತುಂಬಿ ಓವರ್‌ಫ್ಲೋ ಆಗುವುದೂ ಅಷ್ಟೇ ಸಾಮಾನ್ಯ. ಕ್ರ್ಯಾಂಕ್ ಕೋಣೆಯ ಪ್ಲಗ್ ಬಿಚ್ಚಿದಾಗ ಮೊದಲು ನಾಲ್ಕಾರು ಹನಿ ಕಲಕು ನೀರು, ಅದರ ಹಿಂದೆಯೇ ಕಪ್ಪು ಆಯಿಲ್ ಬಂತು: 600 ಮಿ.ಲೀ. ಓಡಿ ನಿಲ್ಲಿಸಿದ ತಕ್ಷಣ ಗೋಡೆಗೆ ಅಂಟಿದ್ದು ಇಳಿದು 100-150 ಮಿ.ಲೀ. ಬಂದರೆ ಅದನ್ನು ದೋಷವೆನ್ನಲಾಗದು, 600 ಎಂದರೆ ಟ್ಯಾಂಕಿನ ಕಾಲು ಭಾಗಕ್ಕಿಂತಲೂ ಹೆಚ್ಚು. ಟ್ಯಾಂಕಿನಿಂದ ಬಂದದ್ದು 1,500 ಮಿ.ಲೀ. ಫಿಲ್ಟರ್ ಕೋಣೆಯಲ್ಲಿ ಉಳಿದದ್ದನ್ನು ಸೇರಿಸಿದರೆ ಈ ಎಂಜಿನ್ನಿಗೆ ಬೇಕಾದ ಸುಮಾರು ಎರಡೂಕಾಲು ಲೀಟರಿಗೆ ಲೆಕ್ಕ ಸರಿಹೋಗುತ್ತದೆ. ಈ ಎಂಜಿನ್ನಿನಲ್ಲಿ ಆಯಿಲ್ ಕಮ್ಮಿಯಾಗಿರಲೇ ಇಲ್ಲ.

ಆ ನೀರಿನ ಬಗ್ಗೆ ಒಂದು ಮಾತು. ತುಂಬುವ ಬಾಯಿಯ ಮುಚ್ಚಳದ ಒಳಮೈಯಲ್ಲಿಯೂ ಬಿಳಿಚಿದ ಜಿಡ್ಡು ಕಟ್ಟಿತ್ತು. ಮಳೆಗಾಲದ ತೇವದಲ್ಲಿ ಹಾಲಿನ ಡೈರಿಗೆ ಹೋಗಿಬರುವಷ್ಟು ದೂರ ಮಾತ್ರ ಓಡಿಸಿದರೆ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ಒಳಗೆ ಹನಿಗಟ್ಟಿದ ನೀರು ಆವಿಯಾಗಿ ಹೊರಹೋಗುವುದಿಲ್ಲ. ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು ಆಫ್ ಮಾಡುವ ಮಳೆಗಾಲದ ಪದ್ಧತಿಯಿಂದ ಬ್ಯಾಟರಿಗೂ ಲಾಭವಿಲ್ಲ, ಆಯಿಲ್ಲಿಗಂತೂ ನಷ್ಟವೇ ಎಂಬುದು ನನ್ನ ಅಭಿಪ್ರಾಯ. ಆಯಿಲ್ಲನ್ನು ಮೂಸಿಯೂ ನೋಡಿದೆ. ಪೆಟ್ರೋಲಿನ ವಾಸನೆ ಇರಲಿಲ್ಲ.

ಇನ್ನು ಪಂಪು. ಬುಲೆಟ್ಟಿನ ಎರಡೂ ಪಂಪುಗಳು ಬಲಬದಿಯ ಟೈಮಿಂಗ್ ಕವರಿನಲ್ಲಿ, ಚಿಕ್ಕ ಮುಚ್ಚಳಗಳ ಹಿಂದೆ ಇವೆ. ಒಳಗಿರುವುದು ಒಂದು ದುಂಡು ಡಿಸ್ಕ್, ಅದರೊಳಗೆ ಜಾರುವ ಒಂದು ಪ್ಲಂಜರ್, ಡಿಸ್ಕನ್ನು ಅದರ ಪೀಠಕ್ಕೆ ಒತ್ತಿಹಿಡಿಯುವ ಒಂದು ಸ್ಪ್ರಿಂಗ್, ಅಷ್ಟೇ. ಕ್ರ್ಯಾಂಕಿನ ತುದಿಯ ವರ್ಮ್ ಗೇರಿನಿಂದ ತಿರುಗುವ ಸ್ಪಿಂಡಲ್ ಪ್ಲಂಜರನ್ನು ಹಿಂದಕ್ಕೂ ಮುಂದಕ್ಕೂ ಎಳೆದಾಗ ಡಿಸ್ಕ್ ತೊಟ್ಟಿಲಿನಂತೆ ಆಚೀಚೆ ತೂಗಿ, ಒಳಬರುವ ತೂತನ್ನೂ ಹೊರಹೋಗುವ ತೂತನ್ನೂ ಸರದಿಯಲ್ಲಿ ತೆರೆದು ಮುಚ್ಚುತ್ತದೆ. ವಾಲ್ವಿಲ್ಲ, ಬಾಲ್ ಇಲ್ಲ; ಡಿಸ್ಕಿನ ಮುಖವೂ ಪೀಠದ ಮುಖವೂ ಒಂದಕ್ಕೊಂದು ಸಮವಾಗಿ ಕೂರುವುದೇ ಇಲ್ಲಿ ಸೀಲು. ಆ ಮುಖಗಳು ಸವೆದರೆ ಎಂಜಿನ್ ನಿಂತಾಗಲೂ ಟ್ಯಾಂಕಿನ ಆಯಿಲ್ ತನ್ನ ಭಾರಕ್ಕೆ ತಾನೇ ಫೀಡ್ ಪಂಪನ್ನು ದಾಟಿ, ಬಿಗ್ ಎಂಡಿನ (ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗಿನ) ದಾರಿ ಹಿಡಿದು ಕ್ರ್ಯಾಂಕ್ ಕೋಣೆಗೆ ಇಳಿಯುತ್ತದೆ.

ಟ್ಯಾಂಕು ಖಾಲಿಯಾಗಿದ್ದುದರಿಂದ ಫೀಡ್ ಪಂಪಿನ ಮುಚ್ಚಳವನ್ನು ನಿಶ್ಚಿಂತೆಯಿಂದ ತೆಗೆದೆ. ಡಿಸ್ಕನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ವಾಲಿಸಿ ಹಿಡಿದಾಗ ವಿಷಯ ಸ್ಪಷ್ಟವಾಯಿತು. ಮುಖದ ಮುಕ್ಕಾಲು ಭಾಗ ಕನ್ನಡಿಯಂತೆ ಹೊಳೆಯುತ್ತಿತ್ತು; ಒಂದು ಅಂಚಿನಲ್ಲಿ ಮಾತ್ರ ಬಿದಿಗೆ ಚಂದ್ರನ ಆಕಾರದ ಮಂಕು ಪಟ್ಟಿ, ಅಂದರೆ ಅಲ್ಲಿ ಡಿಸ್ಕ್ ಪೀಠವನ್ನು ಮುಟ್ಟುತ್ತಲೇ ಇರಲಿಲ್ಲ. ಜೊತೆಗೆ ತೂತಿನ ಅಂಚಿನಿಂದ ಹೊರಗಿನವರೆಗೆ ಕೂದಲೆಳೆಯಷ್ಟು ಸಪೂರದ ಒಂದು ಗೀರು. ಕಣ್ಣಿಗೆ ಕಾಣುವುದಕ್ಕಿಂತ ಉಗುರಿಗೆ ಹೆಚ್ಚು ತಾಗುತ್ತಿತ್ತು. ಯಾವುದೋ ಕಾಲದಲ್ಲಿ ಸಿಕ್ಕಿಕೊಂಡ ಮರಳಿನ ಕಣದ ಕೆಲಸ ಅದು. ರಿಟರ್ನ್ ಪಂಪಿನ ಡಿಸ್ಕ್ ಚೆನ್ನಾಗಿಯೇ ಇತ್ತು, ಅದನ್ನು ಉಜ್ಜಲಿಲ್ಲ.

ಗಾಡಿಯ ಮೇಲಿರುವಾಗಲೇ ಪೀಠಕ್ಕೆ ಪೇಸ್ಟ್ ಹಚ್ಚಿ ಉಜ್ಜುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ, ಏಕೆಂದರೆ ಆ ಪೇಸ್ಟಿನ ಒಂದು ಚಿಟಿಕೆ ಒಳದಾರಿಗೆ ಸೇರಿದರೂ ಅದು ನೇರವಾಗಿ ಬಿಗ್ ಎಂಡಿನ ಬುಷ್‌ಗೆ ಹೋಗುತ್ತದೆ. ಟೈಮಿಂಗ್ ಕವರನ್ನೇ ಹೊರತೆಗೆದೆ. ತೆಗೆಯುವ ಮೊದಲು ಎರಡೂ ಪಂಪುಗಳ ಡಿಸ್ಕ್ ಮತ್ತು ಪ್ಲಂಜರುಗಳನ್ನು ಬಿಚ್ಚಿರಬೇಕು. ಇಲ್ಲವಾದರೆ ಕವರ್ ಹೊರಬರುವಾಗ ಸ್ಪಿಂಡಲ್ ತಿರುಗಲು ಆಸ್ಪದವಿಲ್ಲದೆ ವರ್ಮಿನ ಹಲ್ಲುಗಳಿಗೆ ಪೆಟ್ಟಾಗುತ್ತದೆ. ಮತ್ತೆ ಕೂರಿಸುವಾಗಲೂ ಇದೇ ಕ್ರಮ. ಡಿಸ್ಕಿನ ಮುಖವನ್ನು ದಪ್ಪ ಗಾಜಿನ ತುಂಡಿನ ಮೇಲೆ ಆಯಿಲ್ ಹಚ್ಚಿದ 1000 ನಂಬರಿನ ವಾಟರ್ ಪೇಪರ್ ಇಟ್ಟು, ಎಂಟರ ಅಂಕಿ ಬರೆಯುವಂತೆ ಉಜ್ಜುತ್ತ, ಆಗಾಗ ಕಾಲು ಸುತ್ತು ತಿರುಗಿಸುತ್ತ, ಆ ಚಂದ್ರನ ಪಟ್ಟಿ ಮಾಯವಾಗುವವರೆಗೆ ಸಮ ಮಾಡಿದೆ. ಪೀಠಕ್ಕೆ ಅತಿ ನಯವಾದ ಗ್ರೈಂಡಿಂಗ್ ಪೇಸ್ಟನ್ನು ಚುಕ್ಕೆಯಷ್ಟೇ ಹಚ್ಚಿ, ಡಿಸ್ಕನ್ನು ಕೈಯಿಂದಲೇ ಆಚೀಚೆ ತಿರುಗಿಸಿ ಎರಡನ್ನೂ ಹೊಂದಿಸಿದೆ. ಡ್ರಿಲ್ ಮಷೀನು ಹಾಕಿದರೆ ಬೇಗ ಆಗುತ್ತದೆ, ಪೀಠ ಬೇಗ ಹಾಳೂ ಆಗುತ್ತದೆ. ಕೊನೆಗೆ ಎರಡೂ ಮುಖಗಳು ಇಡಿಯಾಗಿ ಒಂದೇ ಮಂಕು ಬೂದು ಬಣ್ಣಕ್ಕೆ ಬಂದವು.

ತೊಳೆಯುವುದಕ್ಕೆ ಉಜ್ಜಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಕವರಿನ ಪ್ರತಿ ತೂತಿಗೂ ಸೀಮೆಎಣ್ಣೆ ಹಾಯಿಸಿ, ಸೈಕಲ್ ಪಂಪಿನಿಂದ ಗಾಳಿ ಊದಿ, ಬಿಳಿ ಬಟ್ಟೆಗೆ ಕಪ್ಪು ಹತ್ತದಷ್ಟು ಸ್ವಚ್ಛ ಮಾಡಿದೆ. ಆಮೇಲೆ ಡಿಸ್ಕನ್ನು ಸ್ಪ್ರಿಂಗಿನೊಂದಿಗೆ ಕೂರಿಸಿ, ಟ್ಯಾಂಕಿನ ಕಡೆಯ ತೂತಿಗೆ ಸೀಮೆಎಣ್ಣೆ ತುಂಬಿಸಿ, ಕವರನ್ನು ಮಟ್ಟಸವಾಗಿ ಇಟ್ಟು ಊಟಕ್ಕೆ ಹೋದೆವು. ಬಂದು ನೋಡಿದಾಗ ಮಟ್ಟ ಇಳಿದಿರಲಿಲ್ಲ. ಸೀಮೆಎಣ್ಣೆಯೇ ನಿಂತ ಮೇಲೆ ಅದಕ್ಕಿಂತ ಮಂದವಾದ ಆಯಿಲ್ ನಿಲ್ಲದೆ ಇರದು.

ಕವರ್ ಹೇಗೂ ಹೊರಬಂದದ್ದರಿಂದ, ಕ್ರ್ಯಾಂಕಿನ ತುದಿಗೆ ಆಯಿಲ್ ದಾಟಿಸುವ ಜಾಗದ ಕಾರ್ಕ್ ಸೀಲನ್ನೂ ಬದಲಿಸಿದೆ. ಬೆಲೆ ಏನೂ ಇಲ್ಲದ ಸಾಮಾನು, ಆದರೆ ಅದು ಮುದ್ದೆಯಾದರೆ ಬಿಗ್ ಎಂಡಿಗೆ ಹೋಗಬೇಕಾದ ಆಯಿಲ್ ಟೈಮಿಂಗ್ ಗೇರುಗಳ ಮೇಲೆ ಸುರಿದುಹೋಗುತ್ತದೆ. ಈ ಗಾಡಿಯಲ್ಲಿ ಆಯಿಲ್ ಪ್ರೆಷರಿನ ಮೀಟರೂ ಇಲ್ಲ, ಎಚ್ಚರಿಸುವ ಕೆಂಪು ದೀಪವೂ ಇಲ್ಲ. ಎಂಜಿನ್ ಸದ್ದು ಮಾಡಿದಾಗಲೇ ಗೊತ್ತಾಗುವುದು. ಫೆಲ್ಟ್ ಫಿಲ್ಟರನ್ನು ಸೀಳಿ ಹಳೆಯ ಪತ್ರಿಕೆಯ ಮೇಲೆ ಬಿಡಿಸಿಟ್ಟು ನೋಡಿದೆ: ಮಸಿ, ಸ್ವಲ್ಪ ಗ್ಯಾಸ್ಕೆಟ್ ಅಂಟಿನ ಎಳೆಗಳು. ಬೆಳ್ಳಿಯ ಬಣ್ಣದ ಚೂರುಗಳಿರಲಿಲ್ಲ, ಇದ್ದಿದ್ದರೆ ಈ ಬರಹ ಬಾಟಮ್ ಓವರ್‌ಹಾಲಿನ ಬರಹವಾಗುತ್ತಿತ್ತು. ನಾರ್ಟನ್, ಟ್ರಯಂಫ್‌ನಂಥ ಹೊರ ಟ್ಯಾಂಕಿನ ಬೈಕುಗಳಿಗೆ ಕೆಲವರು ಟ್ಯಾಂಕಿನ ಪೈಪಿಗೆ ನಲ್ಲಿ ಕೂರಿಸುತ್ತಾರೆ; ಬುಲೆಟ್ಟಿನಲ್ಲಿ ಅಂಥ ಪೈಪೇ ಇಲ್ಲ, ಅದು ಒಳ್ಳೆಯದೇ ಆಯಿತು. ನಲ್ಲಿ ತೆರೆಯಲು ಒಂದು ದಿನ ಮರೆತರೆ ಎಂಜಿನ್ ಹೋದಂತೆಯೇ.

ಜೋಡಿಸಿದ ಮೇಲೆ ಆಯಿಲ್ ತುಂಬುವುದರಲ್ಲಿ ಎರಡು ಕೆಲಸ ಒಟ್ಟಿಗೆ ಮಾಡಿಕೊಂಡೆ. ಮೊದಲು ಫಿಲ್ಟರ್ ಕೋಣೆಯನ್ನು ಆಯಿಲ್ಲಿನಿಂದ ತುಂಬಿಸಿದೆ; ಅದು ಖಾಲಿಯಿದ್ದರೆ ಪಂಪು ಅದನ್ನು ತುಂಬಿಸುವವರೆಗೆ ಬಿಗ್ ಎಂಡಿಗೆ ಏನೂ ತಲುಪುವುದಿಲ್ಲ. ಆಮೇಲೆ ಟ್ಯಾಂಕಿಗೆ 20ಡಬ್ಲ್ಯೂ-50 ಮಿನರಲ್ ಆಯಿಲ್ಲನ್ನು ಒಂದೂವರೆ ಲೀಟರಿನಷ್ಟು ಒಮ್ಮೆಲೇ ಹಾಕಿ, ಅಲ್ಲಿಂದ ಮುಂದೆ ಜಾರಿನಿಂದ 100 ಮಿ.ಲೀ.ನಂತೆ ಹಾಕುತ್ತ, ಪ್ರತಿ ಸಲವೂ ಡಿಪ್‌ಸ್ಟಿಕ್ಕನ್ನು ಒಂದೇ ಆಳಕ್ಕೆ ಕೂರಿಸಿ ತೆಗೆದು, ಆಯಿಲ್ ಮುಟ್ಟಿದ ಜಾಗದಲ್ಲಿ ಸಣ್ಣ ಅರದಿಂದ ಗೀರು ಹಾಕಿದೆ. ಈಗ ಈ ಗಾಡಿಯ ಡಿಪ್‌ಸ್ಟಿಕ್ಕಿನಲ್ಲಿ ಎರಡು ಗೆರೆಗಳ ಬದಲು ಒಂದು ಏಣಿಯೇ ಇದೆ. ಮಟ್ಟ ಇಳಿದರೆ 'ಸ್ವಲ್ಪ ಕಮ್ಮಿ' ಎನ್ನುವ ಬದಲು 'ಇನ್ನೂರು ಕಮ್ಮಿ' ಎನ್ನಬಹುದು. ಸೆಂಟರ್ ಸ್ಟ್ಯಾಂಡಿನಲ್ಲಿಯೇ ಗೀರು ಹಾಕಿದ್ದರಿಂದ ಓದುವುದೂ ಸೆಂಟರ್ ಸ್ಟ್ಯಾಂಡಿನಲ್ಲಿಯೇ. ಸೈಡ್ ಸ್ಟ್ಯಾಂಡಿನಲ್ಲಿ ಗಾಡಿ ಎಡಕ್ಕೆ ವಾಲಿ ಲೆಕ್ಕ ತಪ್ಪುತ್ತದೆ.

ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟು, ಆಯಿಲ್ ಎಲ್ಲೆಡೆ ಸೇರುವಷ್ಟು ಕಿಕ್ ಹೊಡೆದು, ಆಮೇಲೆ ಸ್ಟಾರ್ಟ್ ಮಾಡಿದೆ. ವಾಲ್ವುಗಳನ್ನು ಒತ್ತುವ ರಾಕರಿಗೆ ಹೋಗುವ ಹೊರಪೈಪಿನ ಮೇಲ್ತುದಿಯ ಬೋಲ್ಟನ್ನು ತುಸು ಸಡಿಲಿಸಿದಾಗ ಅಂಚಿನಿಂದ ಆಯಿಲ್ ಜಿನುಗಿತು. ಬುಲೆಟ್ಟಿನಲ್ಲಿ ರಾಕರಿಗೆ ಹೋಗುವುದು ರಿಟರ್ನ್ ಪಂಪಿನ ಕಡೆಯ ಆಯಿಲ್ ಆದ್ದರಿಂದ, ಅಲ್ಲಿ ಜಿನುಗಿದರೆ ಟ್ಯಾಂಕಿನಿಂದ ಹೊರಟದ್ದು ಸುತ್ತು ಹಾಕಿ ಬರುತ್ತಿದೆ ಎಂದರ್ಥ. ಬೋಲ್ಟ್ ಬಿಗಿದು, ಒರೆಸಿ, ಹತ್ತು ನಿಮಿಷ ಓಡಿಸಿ ಮತ್ತೆ ಅಳೆದು ಕಡಿಮೆಯಾದಷ್ಟನ್ನು ತುಂಬಿದೆ.

ಪರೀಕ್ಷೆಗೆಂದು ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕತಗಾಲದವರೆಗೆ ಹೋಗಿ, ಅದೇ ದಾರಿಯಲ್ಲಿ ಹತ್ತಿ ಬಂದೆವು. ಘಟ್ಟ ಹತ್ತುವಾಗ ಎಂಜಿನ್ ಬಿಸಿಯಾಗಿ ಆಯಿಲ್ ತೆಳುವಾಗುತ್ತದೆ. ಬ್ರೀದರಿನಿಂದ ಉಗುಳುವುದಿದ್ದರೆ ಇಲ್ಲಿಯೇ ಉಗುಳಬೇಕು, ಉಗುಳಿದರೆ ಅದು ಹಿಂದಿನ ಟೈರಿಗೆ ಬೀಳುವ ಅಪಾಯವಿದೆ. ರಾಗಿಹೊಸಳ್ಳಿಯಲ್ಲಿ ನಿಲ್ಲಿಸಿ ನೋಡಿದಾಗ ಪೈಪಿನ ತುದಿಯಲ್ಲಿ ಒಂದು ಹನಿ ನೇತಾಡುತ್ತಿತ್ತು, ಟೈರು ಒಣಗಿತ್ತು. ಅಷ್ಟು ಸಾಕು.

ಒಂದು ವಾರ ಗಾಡಿಯನ್ನು ಅಲುಗಿಸದೆ ನಿಲ್ಲಿಸಿ, ಭಾವ ಕ್ರ್ಯಾಂಕ್ ಕೋಣೆಯ ಪ್ಲಗ್ ಬಿಚ್ಚಿ ಅಳೆದರು: 180 ಮಿ.ಲೀ. ಹಳೆಯ ಎಂಜಿನ್ನಿನಿಂದ ಇದಕ್ಕಿಂತ ಹೆಚ್ಚಿನದನ್ನು ನಾನು ಬಯಸುವುದಿಲ್ಲ. ಇಂಥ ಡಿಸ್ಕ್ ಪಂಪು ಪೂರ್ತಿ ಸೋರದಂತಾಗುವುದು ಅಪರೂಪ, ಆಗಬೇಕಾಗಿಯೂ ಇಲ್ಲ.

ಅವರಿಗೆ ಹೇಳಿಕೊಟ್ಟ ಕ್ರಮ ಇಷ್ಟು. ತಣ್ಣಗಿರುವಾಗ ಡಿಪ್‌ಸ್ಟಿಕ್ ನೋಡಬಹುದು, ಆದರೆ ಅದನ್ನು ನಂಬಿ ಆಯಿಲ್ ಹಾಕಬಾರದು. ಐದಾರು ಕಿಲೋಮೀಟರ್ ಓಡಿಸಿ, ಒಂದೆರಡು ನಿಮಿಷ ಐಡಲಿನಲ್ಲಿ ಬಿಟ್ಟು, ನಿಲ್ಲಿಸಿ, ಎರಡು ನಿಮಿಷದ ಮೇಲೆ ಅಳೆಯಬೇಕು. ಹಾಕುವುದಿದ್ದರೆ ಆಗ, ಮೇಲಿನ ಗೆರೆಯನ್ನು ಮುಟ್ಟದಂತೆ ಹಾಕಬೇಕು. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಟ್ಯಾಂಕು ತೀರ ಕೆಳಗಿಳಿದಿದ್ದರೆ ಸ್ಟಾರ್ಟ್ ಮಾಡುವ ಮೊದಲೇ ಕ್ರ್ಯಾಂಕ್ ಕೋಣೆಯನ್ನು ಖಾಲಿ ಮಾಡಿ, ಬಂದದ್ದನ್ನು ಅಳೆದು, ಅಷ್ಟೇ ಪ್ರಮಾಣದ ಹೊಸ ಆಯಿಲ್ಲನ್ನು ಟ್ಯಾಂಕಿಗೆ ಹಾಕಬೇಕು. ಹೀಗೆಲ್ಲ ಮಾಡಿಯೂ ಒಟ್ಟು ಲೆಕ್ಕದಲ್ಲಿ ಆಯಿಲ್ ಕಮ್ಮಿಯಾಗುತ್ತಿದ್ದರೆ ಎಡಬದಿಯ ಪ್ರೈಮರಿ ಕೇಸಿನ (ಎಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಚೈನಿನ ಕವಚದ) ಲೆವೆಲ್ ಸ್ಕ್ರೂ ಬಿಚ್ಚಿ ನೋಡಬೇಕು; ಕ್ರ್ಯಾಂಕಿನ ಸೀಲು ಹೋದಾಗ ಎಂಜಿನ್ನಿನ ಆಯಿಲ್ ಅಲ್ಲಿಗೆ ಸೇರಿ, ಲೆವೆಲ್ಲಿಗಿಂತ ಮೇಲೆ ನಿಂತು, ಕ್ಲಚ್ ಜಾರತೊಡಗುತ್ತದೆ. ಭಾವನ ಗಾಡಿಯಲ್ಲಿ ಅಲ್ಲಿ ಮಟ್ಟ ಸರಿಯಾಗಿದೆ. ರಿಟರ್ನ್ ಪಂಪಿನ ಮುಚ್ಚಳದ ಪ್ಯಾಕಿಂಗ್ ಮಾತ್ರ ತುಸು ಬೆವರುತ್ತಿದೆ; ಅದನ್ನು ಮುಂದಿನ ಆಯಿಲ್ ಚೇಂಜಿನಲ್ಲಿ ಬದಲಿಸುವುದು.